ಚಿಲಕ ಹಾಕಿದ್ದು ನಾನು

ಆ ರಾತ್ರಿ ನಾನು ಮಾಡಿದ್ದು ಒಂದೇ ಕೆಲಸ. ಬಾಗಿಲ ಚಿಲಕ ಹಾಕಿದೆ.

ಹುಡುಗನಿಗೆ ಬೈಯಲಿಲ್ಲ. ಕೈ ಎತ್ತಲಿಲ್ಲ. ವಿಡಿಯೋ ಮಾಡಿದ್ದೂ ನಾನಲ್ಲ. ವಾರ್ಡನ್ ರೌಂಡ್ಸ್ ಬರುವ ಹೊತ್ತಾಗಿತ್ತು. ಒಳಗಿನ ಗಲಾಟೆ ಹೊರಗೆ ಕೇಳಿಸೀತು ಅಂತ ಎದ್ದು ಹೋಗಿ ಚಿಲಕ ಜಾರಿಸಿ, ಬಂದು ಮತ್ತೆ ಮಂಚದ ಮೇಲೆ ಕಾಲು ಮಡಚಿ ಕೂತೆ. ನೆನಪಿನಲ್ಲಿ ಉಳಿಯುವಂಥ ಕೆಲಸವೇ ಅಲ್ಲ ಅದು. ಎರಡು ವಾರ ಕಳೆದ ಮೇಲೆ ಆಡಳಿತ ಭವನದ ಒಂದು ಕೋಣೆಯಲ್ಲಿ "ಬಾಗಿಲ ಚಿಲಕ ಯಾರು ಹಾಕಿದ್ದು?" ಅಂತ ಕೇಳಿದಾಗ ನನಗೆ ನಿಜವಾಗಿಯೂ ತಕ್ಷಣ ಹೊಳೆಯಲಿಲ್ಲ.

ಆರೋಪಿಗಳ ಪಟ್ಟಿಯಲ್ಲಿ ನನ್ನದು ನಾಲ್ಕನೇ ಹೆಸರು. ರ‍್ಯಾಗಿಂಗ್ ಅನುಭವಿಸಿದವರು ಬರೆದದ್ದನ್ನು ನೀವು ಓದಿರುತ್ತೀರಿ. ಆ ಕಡೆ ಕೂತಿದ್ದವರು ಬಾಯಿ ಬಿಡುವುದು ಕಡಿಮೆ. ನಾನು ಬಿಡುತ್ತಿದ್ದೇನೆ. ಹೆಸರು ಯಾರದ್ದೂ ಹಾಕುವುದಿಲ್ಲ, ವಿಶ್ವವಿದ್ಯಾಲಯದ್ದೂ ಹಾಕುವುದಿಲ್ಲ.

ನಾನಾಗ ಎಂ.ಕಾಂ. ಎರಡನೇ ವರ್ಷದಲ್ಲಿದ್ದೆ. ಹಾಸನ ಕಡೆಯವನು. ಮೊದಲ ವರ್ಷದವರನ್ನು ಆದಷ್ಟೂ ಬೇರೆ ಬ್ಲಾಕಿನಲ್ಲಿ ಇಡಬೇಕು ಅಂತ ನಿಯಮ ಇದೆ. ನಮ್ಮ ಹಾಸ್ಟೆಲಿನಲ್ಲಿ ಇರುವವರಿಗೇ ರೂಮು ಸಾಲುತ್ತಿರಲಿಲ್ಲ, ಇನ್ನು ಬೇರೆ ಬ್ಲಾಕು ಎಲ್ಲಿಂದ ತರುವುದು? ಹಾಗಾಗಿ ಕಲಬುರಗಿ ಕಡೆಯ ಆ ಹುಡುಗ ನಮ್ಮ ಮಹಡಿಗೇ ಬಂದ. ಬಂದು ಮೂರು ವಾರ ಆಗಿತ್ತು. ಕಾರಿಡಾರಿನ ಕೊನೆಯಲ್ಲಿ ಸಿಗ್ನಲ್ ಚೆನ್ನಾಗಿ ಬರುತ್ತಿದ್ದ ಕಿಟಕಿಯ ಹತ್ತಿರ ನಿಂತು ಅವರ ಅಮ್ಮನ ಜೊತೆ ಮಾತಾಡುತ್ತಿದ್ದ. "ಬರ್ಲಾಕತ್ತೀನವ್ವ, ದೀಪಾವಳಿಗೆ ಬರ್ಲಾಕತ್ತೀನಿ" ಅಂದಿದ್ದು ನಮ್ಮ ಗುಂಪಿನ ಲೀಡರ್ ಕಿವಿಗೆ ಬಿತ್ತು.

"ಏಯ್, ಬಾರೋ ಇಲ್ಲಿ. ಅದೇನೋ ಅಂದ್ಯಲ್ಲ, ಇನ್ನೊಂದ್ಸಲ ಅನ್ನು."

ನಾವು ಅದನ್ನು ರ‍್ಯಾಗಿಂಗ್ ಅಂತ ಕರೆಯುತ್ತಿರಲಿಲ್ಲ. "ಇಂಟ್ರೋ" ಅನ್ನುತ್ತಿದ್ದೆವು. ಹೊಸಬ ಬಂದು ನಿಂತು ಹೆಸರು, ಊರು, ಡಿಗ್ರಿ ಕಾಲೇಜು ಹೇಳಬೇಕು, ನಮ್ಮೆಲ್ಲರ ಹೆಸರಿನ ಮುಂದೆ ಸರ್ ಸೇರಿಸಬೇಕು. ನಾನೂ ಹಿಂದಿನ ವರ್ಷ ಹಾಗೇ ನಿಂತಿದ್ದವನು. ಆದರೆ ಅವತ್ತು ಇಂಟ್ರೋ ಹೆಸರು ಊರಿಗೆ ನಿಲ್ಲಲಿಲ್ಲ. "ಬರ್ಲಾಕತ್ತೀನಿ" ಅನ್ನುವುದನ್ನು ಟಿವಿಯಲ್ಲಿ ವಾರ್ತೆ ಓದುವವರ ಥರ ಹೇಳು ಅಂದರು. ಹೇಳಿದ. ಹುಡುಗಿಗೆ ಪ್ರಪೋಸ್ ಮಾಡೋ ಥರ ಹೇಳು ಅಂದರು. ತಲೆ ತಗ್ಗಿಸಿ ಅದನ್ನೂ ಹೇಳಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಬ್ಬ ಫೋನ್ ಹಿಡಿದಿದ್ದ. ಸುಮಾರು ಮುಕ್ಕಾಲು ಗಂಟೆ ನಡೆಯಿತು. ಅಷ್ಟು ಹೊತ್ತೂ ಅವನು ನಿಂತೇ ಇದ್ದ. ಪಕ್ಕದಲ್ಲೇ ಒಂದು ಖಾಲಿ ಕುರ್ಚಿ ಇತ್ತು. ಅದರ ಮೇಲೆ ನನ್ನ ಇಸ್ತ್ರಿ ಮಾಡಿದ ಶರ್ಟು ಇತ್ತು.

38 ಸೆಕೆಂಡಿನ ವಿಡಿಯೋ ರಾತ್ರಿಯೇ ನಮ್ಮ ಮಹಡಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹೋಯಿತು. ನಗುವ ಎಮೋಜಿಗಳು ಸಾಲಾಗಿ ಬಿದ್ದವು. ಅದರಲ್ಲಿ ನನ್ನದೂ ಒಂದು.

ಮೂರನೇ ದಿನ ರಾತ್ರಿ ಒಂಬತ್ತೂವರೆಗೆ ಬಾಗಿಲು ತಟ್ಟಿದರು. ಮೆಸ್‌ನಿಂದ ಆಗಷ್ಟೇ ಬಂದಿದ್ದೆ. ಮೂವರು ಅಧ್ಯಾಪಕರು, ಹಿಂದೆ ವಾರ್ಡನ್. ಆಂಟಿ ರ‍್ಯಾಗಿಂಗ್ ಸ್ಕ್ವಾಡ್ ಅಂದರು. ಹಾಗಂತ ಒಂದು ತಂಡ ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಹೇಳದೆ ಕೇಳದೆ ಹಾಸ್ಟೆಲಿಗೆ ಬರುವುದೇ ಅವರ ಕೆಲಸವಂತೆ. ನಮ್ಮ ನಾಲ್ವರನ್ನೂ ಬೇರೆ ಬೇರೆ ಕೂರಿಸಿದರು. ಒಂದೊಂದು ಬಿಳಿ ಹಾಳೆ ಕೊಟ್ಟು, "ಆ ರಾತ್ರಿ ಏನಾಯ್ತು ಅಂತ ನಿಮ್ಮ ಮಾತಲ್ಲೇ ಬರೀರಿ" ಅಂದರು. ಲೀಡರ್ ಅಷ್ಟೊತ್ತಿಗೆ ವಿಡಿಯೋ ಅಳಿಸಿಹಾಕಿದ್ದ. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ವಿಡಿಯೋ ಅವರ ಫೋನಿನಲ್ಲೇ ಇತ್ತು.

ದೂರು ಬಂದಿದ್ದು ನಮ್ಮ ಕ್ಯಾಂಪಸ್ಸಿನ ಒಳಗಿನಿಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ, ರ‍್ಯಾಗಿಂಗ್ ತಡೆಗೆ ಇರುವ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಯಾರೋ ಫೋನ್ ಮಾಡಿದ್ದರು. ದಿನದ 24 ಗಂಟೆಯೂ ಇರುವ ನಂಬರ್ ಅದು. ಹೆಸರು ಹೇಳದೆಯೂ ದೂರು ಕೊಡಬಹುದು. ಹುಡುಗನೇ ಮಾಡಬೇಕು ಅಂತಿಲ್ಲ, ಅವರ ಮನೆಯವರು ಮಾಡಬಹುದು, ಸ್ನೇಹಿತರು ಮಾಡಬಹುದು. ಅಲ್ಲಿ ದೂರಿಗೆ ಒಂದು ನಂಬರ್ ಬಿದ್ದು, ಸಂಸ್ಥೆಯ ಮುಖ್ಯಸ್ಥರಿಗೆ ಹೋಗುತ್ತದೆ. ಏನು ಕ್ರಮ ತಗೊಂಡಿರಿ ಅಂತ ಸಂಸ್ಥೆ ವಾಪಸ್ ಉತ್ತರ ಕೊಡಬೇಕು. ಕ್ಯಾಂಪಸ್ಸಿನ ದೂರಿನ ಪೆಟ್ಟಿಗೆಗೆ ಹಾಕಿದ ಚೀಟಿಯಾದರೆ ಏನಾಗುತ್ತಿತ್ತೋ ನಾ ಕಾಣೆ. ಹೊರಗಿನಿಂದ ಬಂದಿದ್ದಕ್ಕೇ ಮರುದಿನ ಬೆಳಗ್ಗೆ ಎಲ್ಲರೂ ಎದ್ದು ಕೂತಿದ್ದರು ಅಂತ ನನ್ನ ಅಂದಾಜು.

ಈ ನಂಬರ್ ನಮ್ಮ ಹಾಸ್ಟೆಲಿನ ಗೋಡೆಯ ಮೇಲೂ ಇತ್ತು. ಬಣ್ಣ ಮಾಸಿದ ತಗಡಿನ ಬೋರ್ಡು. ಅದನ್ನು ಹೊಡೆದಿದ್ದ ಮೊಳೆಗೆ ನಾವು ಒದ್ದೆ ಟವೆಲ್ ನೇತು ಹಾಕುತ್ತಿದ್ದೆವು.

ಎರಡು ದಿನ ಬಿಟ್ಟು ನೋಟಿಸ್ ಬಂತು. ಕಾರಣ ಕೇಳಿ ನೋಟಿಸ್. ಮೂರು ದಿನದಲ್ಲಿ ಲಿಖಿತ ಉತ್ತರ ಕೊಡಿ, ಸಮಿತಿಯ ಮುಂದೆ ಹಾಜರಾಗಿ, ಅಲ್ಲಿಯವರೆಗೆ ದೂರಿಗೆ ಸಂಬಂಧಪಟ್ಟ ವಿದ್ಯಾರ್ಥಿಯನ್ನು ಮಾತಾಡಿಸಕೂಡದು ಅಂತ ಇತ್ತು. ಜೊತೆಗೆ ಎರಡು ಹಾಳೆ ಲಗತ್ತಿಸಿದ್ದರು. ನೋಡಿದರೆ ಒಂದು, ರ‍್ಯಾಗಿಂಗ್ ಮಾಡುವುದಿಲ್ಲ ಅಂತ ನಾನೇ ಬರೆದುಕೊಟ್ಟಿದ್ದ ಮುಚ್ಚಳಿಕೆ. ಇನ್ನೊಂದು ನಮ್ಮಪ್ಪ ಬರೆದುಕೊಟ್ಟಿದ್ದು.

ಅಪ್ಪ ಬರೆದುಕೊಟ್ಟಿದ್ದು ಅಂದರೆ, ಅಪ್ಪನ ಹೆಸರಲ್ಲಿ ನಾನೇ ಬರೆದುಕೊಟ್ಟಿದ್ದು. ಅಡ್ಮಿಷನ್ ಸಮಯದಲ್ಲಿ ಸೈಬರ್ ಸೆಂಟರಿನಲ್ಲಿ ಕ್ಯೂ ಇತ್ತು. ಆನ್‌ಲೈನ್ ಫಾರಂ ತುಂಬುವ ಹುಡುಗ "ಪೇರೆಂಟ್ ಇಮೇಲ್ ಐಡಿ ಹೇಳಿ" ಅಂದ. ಅಪ್ಪನಿಗೆ ಇಮೇಲ್ ಎಲ್ಲಿಂದ ಬರಬೇಕು? ಅಲ್ಲೇ ಒಂದು ಮಾಡಿದೆವು. ಪಾಸ್‌ವರ್ಡ್ ನನ್ನದೇ. ಈ ಮುಚ್ಚಳಿಕೆಯನ್ನು ಪ್ರತಿ ವರ್ಷ ಕೊಡಬೇಕು. ಎರಡನೇ ವರ್ಷದ್ದನ್ನು ನಾನು ಬಸ್ಸಿನಲ್ಲಿ ನಿಂತುಕೊಂಡು ಫೋನಿನಲ್ಲೇ ಮುಗಿಸಿದ್ದೆ. ಟಿಕ್, ಟಿಕ್, ಸಬ್‌ಮಿಟ್.

ಈಗ ಮೊದಲ ಸಲ ಓದಿದೆ. ಇಂಗ್ಲಿಷಿನಲ್ಲಿತ್ತು. ನಿಧಾನವಾಗಿ ಓದಿದರೆ ಕಷ್ಟದ ಇಂಗ್ಲಿಷೇನಲ್ಲ. ಯುಜಿಸಿಯ 2009ರ ನಿಯಮಾವಳಿಯನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡಿದ್ದೇನೆ, ಅದರಲ್ಲೂ 3ನೇ, 7ನೇ ಮತ್ತು 9.1ನೇ ಕಲಂಗಳನ್ನು ವಿಶೇಷವಾಗಿ ಗಮನಿಸಿದ್ದೇನೆ ಅಂತ ನಾನು ಬರೆದುಕೊಟ್ಟಿದ್ದೆ. ಮೂರನೇ ಕಲಂ ಅಂತ ಒಂದು ಇದೆ ಅನ್ನುವುದೂ ಗೊತ್ತಿಲ್ಲದವನು! ಅದರ ಕೆಳಗೆ, ರ‍್ಯಾಗಿಂಗ್ ಮಾಡಿದರೆ ಅಥವಾ ಅದಕ್ಕೆ ಕುಮ್ಮಕ್ಕು ಕೊಟ್ಟರೆ, ಸಕ್ರಿಯವಾಗಿಯಾಗಲಿ ನಿಷ್ಕ್ರಿಯವಾಗಿಯಾಗಲಿ, ಶಿಕ್ಷೆ ಆಗುತ್ತದೆ ಅಂತ ತಿಳಿದಿದ್ದೇನೆ ಅಂತಲೂ ಇತ್ತು. ಮಾಡಿದ ಕೆಲಸಕ್ಕೆ ಮಾತ್ರ ಅಲ್ಲ, ಮಾಡದೆ ಬಿಟ್ಟಿದ್ದಕ್ಕೂ ನಾನು ಜವಾಬ್ದಾರ ಅನ್ನುವ ಅರ್ಥದ ಸಾಲೂ ಇತ್ತು.

"ನಾನು ಸುಮ್ನೆ ಕೂತಿದ್ದೆ" ಅನ್ನುವ ಒಂದೇ ವಾದವನ್ನು ನಾನು ಮೂರು ದಿನದಿಂದ ತಲೆಯಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಅದಕ್ಕೆ ಉತ್ತರ ಕೊಟ್ಟು, ಕೆಳಗೆ ನನ್ನ ಹೆಸರನ್ನೂ ನಾನೇ ಹಾಕಿಟ್ಟಿದ್ದೆ.

ಆ ರಾತ್ರಿ ನಿಯಮಾವಳಿಯನ್ನು ಡೌನ್‌ಲೋಡ್ ಮಾಡಿಕೊಂಡು ಕೂತೆ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಸೀನಿಯರ್‌ಗಳ ಹೊಡೆತಕ್ಕೆ ಸತ್ತುಹೋಗಿದ್ದ. ಸುಪ್ರೀಂ ಕೋರ್ಟ್ ಕಟುವಾಗಿ ಮಾತಾಡಿತ್ತು. ಅದೇ ವರ್ಷ ಜೂನ್‌ನಲ್ಲಿ ಈ ನಿಯಮಾವಳಿ ಬಂದಿದೆ. ಆ ಸಾವಿಗೂ ನಮ್ಮ ರೂಮಿನ ನಗುವಿಗೂ ಏನು ಸಂಬಂಧ ಅಂತ ನನಗೆ ಸಿಟ್ಟೇ ಬಂತು. ಆಮೇಲೆ 3ನೇ ಕಲಂ ಓದಿದೆ. ಮಾತಿನಿಂದಲೋ ಬರಹದಿಂದಲೋ ಕೃತ್ಯದಿಂದಲೋ ಹೊಸ ವಿದ್ಯಾರ್ಥಿಯನ್ನು ಕೆಣಕಿದ, ಒರಟಾಗಿ ನಡೆಸಿಕೊಂಡ ಪರಿಣಾಮ ಆಗಿದ್ದರೆ ಅದು ರ‍್ಯಾಗಿಂಗ್. ಪರಿಣಾಮ ಅಂತ ಇದೆ ನೋಡಿ, ಉದ್ದೇಶ ಅಂತ ಅಲ್ಲ. ನಾವೆಲ್ಲ ಉತ್ತರ ಪತ್ರದಲ್ಲಿ "ತಮಾಷೆಗೆ" ಅಂತ ಬರೆಯಲು ಹೊರಟಿದ್ದೆವು. 2016ರಲ್ಲಿ ಒಂದು ತಿದ್ದುಪಡಿ ಬಂದಿದೆ. ಬಣ್ಣ, ಜಾತಿ, ಧರ್ಮ, ಲಿಂಗ, ರೂಪ, ಹುಟ್ಟಿದ ಊರು, ಮನೆಯ ಹಣಕಾಸಿನ ಸ್ಥಿತಿ ಇವನ್ನೆಲ್ಲ ಹಿಡಿದು ಹಿಂಸಿಸುವುದನ್ನು ಅಲ್ಲಿ ಬಿಡಿಸಿ ಹೇಳಿದ್ದಾರೆ. ಆ ಪಟ್ಟಿಯಲ್ಲಿ ಪ್ರಾದೇಶಿಕ ಮೂಲ ಇತ್ತು, ಭಾಷಿಕ ಗುರುತು ಕೂಡ ಇತ್ತು. ಕನ್ನಡ ಮಾತಾಡುವ ನಾಲ್ವರು, ಕನ್ನಡ ಮಾತಾಡುವ ಒಬ್ಬನನ್ನು ಕನ್ನಡಕ್ಕಾಗಿಯೇ ಗೇಲಿ ಮಾಡಿದ್ದು ಇದರೊಳಗೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಮರುದಿನ ನಾನು ಒಂದು ಹೇಸಿಗೆ ಕೆಲಸ ಮಾಡಿದೆ.

ಲೀಡರ್ ಒಂದು ಉಪಾಯ ಹುಡುಕಿದ್ದ. ಹುಡುಗನ ಕೈಲಿ "ಏನೂ ಆಗಿಲ್ಲ, ನಾವೆಲ್ಲ ಫ್ರೆಂಡ್ಸ್, ಯಾರೋ ತಪ್ಪು ತಿಳ್ಕೊಂಡು ದೂರು ಕೊಟ್ಟಿದ್ದಾರೆ" ಅಂತ ಒಂದು ಪತ್ರ ಬರೆಸಿಬಿಟ್ಟರೆ ಕೇಸು ಬಿದ್ದುಹೋಗುತ್ತದೆ ಅಂತ. "ನೀನು ಹೋಗೋ. ನಿನ್ನ ಮೇಲೆ ಅವನಿಗೆ ಜಾಸ್ತಿ ಸಿಟ್ಟಿರಲ್ಲ" ಅಂದ. ಮಾತಾಡಿಸಕೂಡದು ಅಂತ ನೋಟಿಸಿನಲ್ಲಿ ಸ್ಪಷ್ಟವಾಗಿತ್ತು. ಆದರೂ ಹೋದೆ. ಮೆಸ್ಸಿನ ಹಿಂದೆ ತಟ್ಟೆ ತೊಳೆಯುವ ನಲ್ಲಿ ಸಾಲಿನಲ್ಲಿ ಅವನೊಬ್ಬನೇ ನಿಂತಿದ್ದ. ನಾನು ಪಕ್ಕದ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಅವನು ಸ್ವಲ್ಪ ಸರಿದು ತನ್ನ ನಲ್ಲಿಗೆ ಜಾಗ ಬಿಟ್ಟ.

ಪತ್ರದ ವಿಷಯ ಹೇಳಿದೆ. ನಮ್ಮ ಲೈಫ್ ಹಾಳಾಗುತ್ತೆ, ಮನೆಯಲ್ಲಿ ಕಷ್ಟ ಇದೆ ಅಂತೆಲ್ಲ ಸೇರಿಸಿದೆ. ಅವನು ತಟ್ಟೆಯನ್ನು ಉಜ್ಜುತ್ತಲೇ ಇದ್ದ. ಅದು ಆಗಲೇ ಶುಚಿಯಾಗಿತ್ತು.

"ಅಣ್ಣಾ, ಆಗಿದ್ದು ಆಗ್ಯಾದ್ರಿ. ನಾ ಏನಂತ ಬರೀಬೇಕ್ರಿ? ಏನೂ ಆಗಿಲ್ಲಂತ ನನ್ನ ಕೈಲೇ ಬರೆಸ್ತೀರೇನ್ರಿ?"

ಸರ್ ಅನ್ನಲಿಲ್ಲ, ಅಣ್ಣಾ ಅಂದ. ನಾನು ಕೈ ಒರೆಸಿಕೊಂಡು ಬಂದುಬಿಟ್ಟೆ.

ದೂರು ಕೊಟ್ಟವರು ಯಾರು ಅನ್ನುವುದು ನಮಗೆ ಕೊನೆಗೂ ತಿಳಿಯಲಿಲ್ಲ. ಗ್ರೂಪಿನಲ್ಲಿ ಅದನ್ನು ಪತ್ತೆ ಮಾಡುವುದೇ ಒಂದು ವಾರದ ಕೆಲಸವಾಗಿತ್ತು. ಒಬ್ಬೊಬ್ಬರ ಮೇಲೂ ಅನುಮಾನ. ನಮ್ಮ ವಿಂಗಿನ ಪಾಪದ ಹುಡುಗನೊಬ್ಬನ ಜೊತೆ ಸುಮ್ಮಸುಮ್ಮನೆ ಮಾತು ಬಿಟ್ಟರು. ಹೆಸರನ್ನು ಯಾಕೆ ಗುಟ್ಟಾಗಿ ಇಡುತ್ತಾರೆ ಅಂತ ಆಗ ಗೊತ್ತಾಯಿತು. ಸಿಕ್ಕಿದ್ದರೆ ನಾವು ಏನು ಮಾಡುತ್ತಿದ್ದೆವೋ.

ಉತ್ತರ ಪತ್ರವನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ "ನಾನು ಸ್ಥಳದಲ್ಲಿ ಇದ್ದೆ, ಆದರೆ ಭಾಗವಹಿಸಿರುವುದಿಲ್ಲ" ಅಂತಿತ್ತು. ನಮ್ಮ ವಿಭಾಗದ ಮೇಡಂ ಒಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿ ಓದಿ, "ಇದನ್ನ ವಕೀಲರು ಬರೆದ ಹಾಗಿದೆ ಕಣಪ್ಪ. ನೀನು ಅಲ್ಲಿ ಏನು ಮಾಡ್ತಿದ್ದೆ? ಅದನ್ನ ಬರಿ" ಅಂದರು. ಎರಡನೆಯದರಲ್ಲಿ ನಕ್ಕಿದ್ದು ಬರೆದೆ. ಮೂರನೆಯದರಲ್ಲಿ ಎಮೋಜಿ ಹಾಕಿದ್ದೂ ಸೇರಿತು. ಚಿಲಕ ಮಾತ್ರ ಮೂರರಲ್ಲೂ ಇರಲಿಲ್ಲ. ಮುಚ್ಚಿಟ್ಟೆ ಅಂತಲ್ಲ. ಅದು ಬರೆಯುವಂಥದ್ದು ಅನ್ನಿಸಿರಲೇ ಇಲ್ಲ.

ವಿಚಾರಣೆ ಅಂದರೆ ನಾಲ್ಕು ಮೇಷ್ಟ್ರು ಕೂತು ಗದರಿಸಿ ಕಳಿಸುತ್ತಾರೆ ಅಂತ ನನ್ನ ಲೆಕ್ಕ ಇತ್ತು. ಒಳಗೆ ಹೋದರೆ ಉದ್ದ ಮೇಜು, ಸುತ್ತ ಹನ್ನೊಂದೋ ಹನ್ನೆರಡೋ ಜನ. ಕುಲಪತಿಗಳು ಮಧ್ಯದಲ್ಲಿ. ಹತ್ತಿರದ ಠಾಣೆಯ ಸಬ್ ಇನ್‌ಸ್ಪೆಕ್ಟರ್, ತಾಲ್ಲೂಕು ಕಚೇರಿಯವರು ಒಬ್ಬರು, ಸ್ಥಳೀಯ ಪತ್ರಿಕೆಯವರು ಒಬ್ಬರು, ಒಂದು ಸ್ವಯಂಸೇವಾ ಸಂಸ್ಥೆಯ ಮಹಿಳೆ, ಪೋಷಕರ ಪರವಾಗಿ ಒಬ್ಬರು, ಬೋಧಕೇತರ ಸಿಬ್ಬಂದಿಯವರು. ಮೇಜಿನ ತುದಿಯಲ್ಲಿ ಇಬ್ಬರು ವಿದ್ಯಾರ್ಥಿಗಳು. ಒಬ್ಬ ನಮ್ಮ ಹಾಗೆ ಸೀನಿಯರ್, ಇನ್ನೊಬ್ಬಳು ಮೊದಲ ವರ್ಷದವಳು. ಸಮಿತಿ ಹೀಗೇ ಇರಬೇಕು ಅಂತ ನಿಯಮಾವಳಿಯಲ್ಲೇ ಇದೆ. ಕುಲಪತಿಗಳನ್ನು ನೋಡಿ ನನಗೆ ಅಷ್ಟು ಭಯ ಆಗಲಿಲ್ಲ. ಆ ಮೊದಲ ವರ್ಷದ ಹುಡುಗಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಎಲ್ಲಿ ನೋಡಬೇಕು ಅಂತ ತಿಳಿಯದೆ ನೀರಿನ ಲೋಟ ನೋಡಿದೆ.

ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿದರು. ಫೋನಿನಲ್ಲಿ ನೋಡಿದಾಗ ಅದು ಹುಡುಗನ ವಿಡಿಯೋ ಆಗಿತ್ತು. ಅಲ್ಲಿ, ಸ್ಪೀಕರ್ ಜೋರಾಗಿದ್ದ ಆ ಕೋಣೆಯಲ್ಲಿ, ಅವನ ಮಾತು ಕಡಿಮೆ, ನಗುವೇ ಜಾಸ್ತಿ ಕೇಳಿಸಿತು. ಮೂರು ನಗು ಒಂದರ ಮೇಲೊಂದು ಬರುತ್ತವೆ. ನಾಲ್ಕನೆಯದು ಸ್ವಲ್ಪ ತಡವಾಗಿ, ಕೀರಲು ದನಿಯಲ್ಲಿ, ಉಳಿದವರದು ನಿಂತ ಮೇಲೂ ಒಂದಷ್ಟು ಹೊತ್ತು ಮುಂದುವರಿಯುತ್ತದೆ. ಅದು ನನ್ನದು. ನನ್ನ ನಗು ಹಾಗಿದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲೆ ಸ್ವಯಂಸೇವಾ ಸಂಸ್ಥೆಯ ಮಹಿಳೆ ವಿಡಿಯೋವನ್ನು ಹಿಂದಕ್ಕೆ ಎಳೆದು ಒಂದು ಕಡೆ ನಿಲ್ಲಿಸಿದರು. "ಇಲ್ಲಿ ಹಿಂದೆ ಬಾಗಿಲು ಕಾಣ್ತಿದೆ. ಚಿಲಕ ಹಾಕಿದೆ. ಯಾರು ಹಾಕಿದ್ದು?"

ನಾನು ಸುಮ್ಮನಿದ್ದೆ. ಅವರು ಇನ್ನೊಂದು ಸಲ ಕೇಳಿದರು. ಆಗ ಕಾಲಡಿ ಆ ತಣ್ಣನೆಯ ನೆಲ, ಕೈಗೆ ಅಂಟಿದ ಚಿಲಕದ ತುಕ್ಕು ಎಲ್ಲ ನೆನಪಾಯಿತು.

"ನಾನು ಮೇಡಂ."

"ಯಾಕೆ?"

"ಸದ್ದು ಹೊರಗೆ ಕೇಳಿಸಬಾರದು ಅಂತ."

"ಯಾರಿಗೆ?"

"ವಾರ್ಡನ್‌ಗೆ."

"ಅಂದ್ರೆ ವಾರ್ಡನ್‌ಗೆ ಕೇಳಿಸಿದ್ರೆ ತೊಂದರೆ ಆಗುತ್ತೆ ಅಂತ ನಿಮಗೆ ಗೊತ್ತಿತ್ತು."

ಅದು ಪ್ರಶ್ನೆ ಆಗಿರಲಿಲ್ಲ. ಬರೆದುಕೊಂಡರು. ಸಬ್ ಇನ್‌ಸ್ಪೆಕ್ಟರ್ ತಲೆ ಎತ್ತಿ, ಹುಡುಗ ಹೊರಗೆ ಹೋಗಬೇಕು ಅಂದನಾ ಅಂತ ಕೇಳಿದರು. "ಒಂದ್ಸಲ ಬಾಗಿಲ ಕಡೆ ತಿರುಗಿದ್ದ ಸರ್" ಅಂದೆ. ಹಾಗೆ ಒಬ್ಬರನ್ನು ಒಳಗೆ ಕೂಡಿಹಾಕುವುದು ಕಾನೂನಿನಲ್ಲಿ ಬೇರೆಯದೇ ಅಪರಾಧ ಅಂತ ಅವರು ಯಾವ ಸಿಟ್ಟೂ ಇಲ್ಲದೆ, ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮೆಸ್ಸಿನ ನಲ್ಲಿಯ ಹತ್ತಿರ ಹೋಗಿದ್ದನ್ನೂ ಕೇಳಿದರು. ಅಡುಗೆಯವರೊಬ್ಬರು ನೋಡಿದ್ದರಂತೆ. ಒಪ್ಪಿಕೊಂಡೆ.

ಒಂದು ಮಾತು ಇಲ್ಲಿ ಹೇಳಬೇಕು. 7ನೇ ಕಲಂ ಪ್ರಕಾರ, ಕ್ರಿಮಿನಲ್ ಕಾನೂನಿನಡಿ ಬರುವ ಅಪರಾಧ ಕಂಡರೆ ಸಂಸ್ಥೆಯ ಮುಖ್ಯಸ್ಥರು ಮಾಹಿತಿ ಬಂದ 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸಬೇಕು. ನಮ್ಮ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೂ ರ‍್ಯಾಗಿಂಗ್ ಶಿಕ್ಷಾರ್ಹ ಅಪರಾಧ, ಜೈಲೂ ಆಗಬಹುದು. ನಮ್ಮ ಮೇಲೆ ಎಫ್‌ಐಆರ್ ಆಗಲಿಲ್ಲ. ಆಂತರಿಕ ಕ್ರಮ ಸಾಕು ಅಂತ ತೀರ್ಮಾನ ಮಾಡಿದರು. ಸಂಸ್ಥೆಯ ಹೆಸರು ಪೇಪರಿಗೆ ಬರುವುದು ಅವರಿಗೂ ಬೇಕಿರಲಿಲ್ಲ ಅಂತ ನನ್ನ ಗುಮಾನಿ. ಬಚಾವಾದವನು ನಾನು, ಹಾಗಾಗಿ ಜೋರಾಗಿ ಹೇಳುವ ಹಕ್ಕು ನನಗಿಲ್ಲ. ಆದರೆ ಆ ಹುಡುಗನ ಜಾಗದಲ್ಲಿ ನನ್ನ ತಮ್ಮ ಇದ್ದಿದ್ದರೆ ನಾನು ಇಷ್ಟಕ್ಕೆ ಸುಮ್ಮನಿರುತ್ತಿದ್ದೆನಾ? ಇಲ್ಲ.

ಪೋಷಕರನ್ನು ಕರೆಸಿದರು. ಅಪ್ಪ ರಾತ್ರಿ ಬಸ್ಸು ಹತ್ತಿ ಬಂದರು. ಮದುವೆಗಳಿಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡಿದ್ದರು. ಕುಲಸಚಿವರ ಕಚೇರಿಯಲ್ಲಿ ಮುಚ್ಚಳಿಕೆಯನ್ನು ಅವರ ಮುಂದೆ ಇಟ್ಟರು. ಅಪ್ಪ ಅದನ್ನು ದೂರ ಹಿಡಿದು ನೋಡಿದರು.

"ಇದ್ರಲ್ಲಿ ನನ್ ಹೆಸ್ರೂ ಐತಲ್ಲ ಮಗಾ. ನಾನ್ಯಾವಾಗ ಬರ್ಕೊಟ್ಟೆ?"

ನಾನು ನೆಲ ನೋಡಿದೆ. ಆದರೆ ಆ ಹೊತ್ತಿನಲ್ಲೂ ನನ್ನ ಒಳಗೆ ಚುಚ್ಚಿದ್ದು ಬೇರೆಯೇ. ಇಷ್ಟು ಜನರ ಮುಂದೆ ಅಪ್ಪ "ಐತೆ" ಅಂದರಲ್ಲ ಅಂತ. ಕ್ಯಾಂಪಸ್ಸಿಗೆ ಬಂದ ಮೊದಲ ತಿಂಗಳಲ್ಲೇ ನಾನು "ಐತೆ" ಬಿಟ್ಟು "ಇದೆ" ಹಿಡಿದಿದ್ದೆ. ಯಾರೋ ಒಮ್ಮೆ ನಕ್ಕಿದ್ದರು, ಅಷ್ಟು ಸಾಕಾಗಿತ್ತು. ಅಪ್ಪ ನನಗೆ ಬೈಯಲಿಲ್ಲ. ಅಧಿಕಾರಿಗೆ ಕೈ ಮುಗಿದು, "ಆ ಮಗೀನ ಅಪ್ಪನ್ನ ನಾನು ಮಾತಾಡಿಸ್ಬೋದಾ ಸಾಮಿ?" ಅಂತ ಕೇಳಿದರು. ಆಗಲ್ಲ ಅಂದರು.

ಆದೇಶ ಬಂತು. 9.1ನೇ ಕಲಂನಲ್ಲಿ ಶಿಕ್ಷೆಗಳ ದೊಡ್ಡ ಪಟ್ಟಿಯೇ ಇದೆ. ತರಗತಿಯಿಂದ ಅಮಾನತು, ವಿದ್ಯಾರ್ಥಿವೇತನ ತಡೆ, ಪರೀಕ್ಷೆಗೆ ಕೂರದಂತೆ ಮಾಡುವುದು, ಫಲಿತಾಂಶ ತಡೆ, ಹಾಸ್ಟೆಲಿನಿಂದ ತೆಗೆಯುವುದು, ಒಂದರಿಂದ ನಾಲ್ಕು ಸೆಮಿಸ್ಟರ್ ಹೊರಗಿಡುವುದು, ಪೂರ್ತಿ ವಜಾ. ಮಾಡಿದವರು ಯಾರು ಅಂತ ಪತ್ತೆಯಾಗದಿದ್ದರೆ ಇಡೀ ಗುಂಪಿಗೇ ಶಿಕ್ಷೆ ಕೊಡಬಹುದು. ಲೀಡರ್‌ಗೆ ಒಂದು ಸೆಮಿಸ್ಟರ್ ಹೋಯಿತು. ವಿಡಿಯೋ ಮಾಡಿದವನ ಫಲಿತಾಂಶ ತಡೆಹಿಡಿದರು. ನಾಲ್ವರಿಗೂ ಹಾಸ್ಟೆಲ್ ಇಲ್ಲ. ನನಗೆ ಅದರ ಜೊತೆ ಹದಿನೈದು ದಿನ ಅಮಾನತು. "ಬಾಗಿಲು ಭದ್ರಪಡಿಸಿ ಕೃತ್ಯಕ್ಕೆ ಅನುವು ಮಾಡಿಕೊಟ್ಟಿರುವುದು ಹಾಗೂ ಸೂಚನೆ ಮೀರಿ ದೂರಿಗೆ ಸಂಬಂಧಿಸಿದ ವಿದ್ಯಾರ್ಥಿಯನ್ನು ಸಂಪರ್ಕಿಸಿರುವುದು" ಅಂತ ಕಾರಣ ಬರೆದಿದ್ದರು. ಸುಮ್ಮನೆ ನಕ್ಕಿದ್ದ ಮೂರನೆಯವನಿಗಿಂತ ನನಗೆ ಜಾಸ್ತಿ.

ಅಪೀಲಿಗೆ ಅವಕಾಶ ಇತ್ತು. ಕಾಲೇಜಿನ ಆದೇಶವಾಗಿದ್ದರೆ ಕುಲಪತಿಗಳ ಹತ್ತಿರ ಹೋಗಬೇಕು. ವಿಶ್ವವಿದ್ಯಾಲಯದ್ದೇ ಆದರೆ ಕುಲಾಧಿಪತಿಗಳಿಗೆ, ಅಂದರೆ ನಮ್ಮಂಥ ಕಡೆ ರಾಜ್ಯಪಾಲರಿಗೆ. ಲೀಡರ್ ಮನೆಯವರು ಹೋಗುತ್ತೇವೆ ಅಂತ ಓಡಾಡಿದರು. ನಾನು ಹೋಗಲಿಲ್ಲ. ರಾಜ್ಯಪಾಲರಿಗೆ ಏನಂತ ಬರೆಯಲಿ, ಚಿಲಕ ತಾನಾಗೇ ಬಿತ್ತು ಅಂತಲೇ?

ಹೊರಗೆ ತಿಂಗಳಿಗೆ 3,500 ರೂಪಾಯಿ ಬಾಡಿಗೆಗೆ ಒಂದು ರೂಮು ಹಿಡಿದೆ. ಹದಿನೈದು ದಿನದ ಗೈರುಹಾಜರಿಗೆ ನನ್ನ ಹಾಜರಾತಿ ಶೇ. 75ರ ಅಂಚಿಗೆ ಬಂದು ನಿಂತಿತ್ತು. ಉಳಿದ ಸೆಮಿಸ್ಟರ್ ಪೂರ್ತಿ ಜ್ವರ ಬಂದರೂ ಕ್ಲಾಸಿಗೆ ಹೋದೆ. ಕ್ಲಾಸಿನಲ್ಲಿ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ ಅಂತೇನಿಲ್ಲ, ಎಲ್ಲರೂ ಮಾಮೂಲಿಯಾಗೇ ಇದ್ದರು. ಕೆಲವರು "ಇಷ್ಟಕ್ಕೆಲ್ಲಾ ಇಷ್ಟೊಂದಾ?" ಅಂತ ನನ್ನ ಪರ ಮಾತಾಡುತ್ತಿದ್ದರು. ಅದೇ ಜಾಸ್ತಿ ಹಿಂಸೆ ಆಗುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಸಂತ್ರಸ್ತನೇನೋ ಅಂದುಕೊಂಡು ಅವರು ಶುರು ಮಾಡಿದರು. ಇಲ್ಲ, ನಾನು ಆ ಕಡೆಯವನು ಅಂದೆ. ಒಂಚೂರು ತಡೆದು, "ಹೇಳಿ, ಕೇಳ್ತಿದ್ದೀನಿ" ಅಂದರು. ಇಪ್ಪತ್ತು ನಿಮಿಷ ಮಾತಾಡಿದೆ. ಆ ಹುಡುಗ ಹೀಗೆ ಯಾರಿಗಾದರೂ ಫೋನ್ ಮಾಡಿದ್ದನೋ ಏನೋ.

ನಮ್ಮ ಕೇಸಾದ ಮೇಲೆ ಕ್ಯಾಂಪಸ್ಸಿನಲ್ಲಿ ಸ್ವಲ್ಪ ಬದಲಾವಣೆ ಆಯಿತು. ಹೊಸಬರಿಗೆ ಯಾರ ಹತ್ತಿರ ಹೋಗಬೇಕು ಅಂತ ಹೆಸರು, ಫೋನ್ ನಂಬರ್ ಇರುವ ಕರಪತ್ರ ಕೊಡಬೇಕು ಅಂತ ನಿಯಮ ಇದೆ. ನನ್ನ ವರ್ಷ ಕೊಟ್ಟಿದ್ದು ನೆನಪಿಲ್ಲ. ಈಗ ಕನ್ನಡದಲ್ಲೇ ಅಚ್ಚು ಹಾಕಿಸಿ ಕೊಟ್ಟರು. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಹೊಸಬರಿಂದ ಹೆಸರಿಲ್ಲದ ಸಮೀಕ್ಷೆ ಮಾಡಿಸಬೇಕಾಗಿತ್ತು, ಅದನ್ನೂ ಶುರು ಮಾಡಿದರು. ಗೋಡೆಯ ಬೋರ್ಡಿಗೆ ಹೊಸ ಬಣ್ಣ ಬಳಿದರು. ಬೋರ್ಡಿಗಿಂತ ಆ ಸಮೀಕ್ಷೆ ಕೆಲಸಕ್ಕೆ ಬರುತ್ತದೆ ಅಂತ ನನ್ನ ಅಭಿಪ್ರಾಯ. ಬೋರ್ಡು ಓದಲು ಯಾರೂ ನಿಲ್ಲುವುದಿಲ್ಲ. ಚೀಟಿ ಕೈಗೆ ಕೊಟ್ಟು ಕೇಳಿದರೆ ಒಬ್ಬನಾದರೂ ಬರೆಯುತ್ತಾನೆ.

ಕೋರ್ಸ್ ಮುಗಿದು ವರ್ಗಾವಣೆ ಪತ್ರ ತಗೊಳ್ಳಲು ಹೋದೆ. ರ‍್ಯಾಗಿಂಗ್ ಮಾಡಿದ್ದಕ್ಕೆ ಅಥವಾ ಕುಮ್ಮಕ್ಕು ಕೊಟ್ಟಿದ್ದಕ್ಕೆ ಶಿಕ್ಷೆ ಆಗಿದೆಯೇ ಅಂತ ಅದರಲ್ಲಿ ನಮೂದಿಸಬೇಕು. ಗುಮಾಸ್ತರು ಫೈಲು ನೋಡಿ, ನನ್ನ ಮುಖ ನೋಡಿ, "ಹೌದು" ಅಂತ ಬರೆದರು. ಮುದ್ರೆ ಒತ್ತಿ ಊದಿ ಕೊಟ್ಟರು. ಆ ಮೇಲೆ ಎರಡು ಕಡೆ ಕೆಲಸಕ್ಕೆ ಹೋದಾಗ ಅದರ ಬಗ್ಗೆ ಕೇಳಿದರು. ಒಂದು ಕಡೆ ಸುತ್ತಿ ಬಳಸಿ ಹೇಳಿದೆ, ಕೆಲಸ ಸಿಗಲಿಲ್ಲ. ಇನ್ನೊಂದು ಕಡೆ ಚಿಲಕದ ವಿಷಯ ಹೇಳಿದೆ. ಅಲ್ಲೂ ಸಿಗಲಿಲ್ಲ. ಮೂರನೇ ಕಡೆ ಯಾರೂ ಕೇಳಲಿಲ್ಲ, ಈಗ ಅಲ್ಲೇ ಇದ್ದೇನೆ.

ವರ್ಗಾವಣೆ ಪತ್ರ ತಗೊಂಡ ಆ ದಿನ ಲೈಬ್ರರಿಗೆ ಪುಸ್ತಕ ವಾಪಸ್ ಮಾಡಲು ಹೋಗಿದ್ದೆ. ಮೆಟ್ಟಿಲ ಮೇಲೆ ಅವನು ಕೂತಿದ್ದ. ನಾನು ಕಂಬದ ಈಚೆ ಇದ್ದೆ, ಅವನಿಗೆ ಕಾಣಿಸಲಿಲ್ಲ. ಮೈ ಕೈ ತುಂಬಿಕೊಂಡಿದ್ದ, ಗಡ್ಡ ಬಿಟ್ಟಿದ್ದ. ಪಕ್ಕದಲ್ಲಿ ಇಬ್ಬರು ಸ್ನೇಹಿತರಿದ್ದರು. ಕ್ಷಮೆ ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ, ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಮನೆಯಿಂದ ಇರಬೇಕು, "ಅವ್ವ" ಅಂದ. ಸ್ನೇಹಿತರ ಕಡೆ ಒಮ್ಮೆ ನೋಡಿ, ಸ್ವಲ್ಪ ಆ ಕಡೆ ತಿರುಗಿಕೊಂಡ.

"ಹೂಂ, ಬರ್ತಾ ಇದ್ದೀನಿ. ನಾಳೆ ಬರ್ತಾ ಇದ್ದೀನಿ" ಅಂದ.